ಮನೆ ಬಾಡಿಗೆಗೆ ಕೊಡಲು ಯಾವ ಜಾಲತಾಣದಲ್ಲಿ ಜಾಹೀರಾತು ಹಾಕಬೇಕು? ಅನುಭವ ಇರುವವರು ತಿಳಿಸಿ

ಮಹಡಿಮನೆ

ಎಲ್ಲರಿಗೂ ನಮಸ್ಕಾರ. ತಾಯಿಯವರು ವಾಸವಿದ್ದ ಮನೆಯನ್ನು ಮೊದಲ ಬಾರಿಗೆ ಬಾಡಿಗೆಗೆ ಕೊಡುತ್ತಿದ್ದೇನೆ. ಅವರು ಈಗ ನಮ್ಮ ಜೊತೆಗಿದ್ದಾರೆ. ಮೂರನೆಯ ಮಹಡಿ, ಎರಡು ಮಲಗುವ ಕೋಣೆ, ಪೀಠೋಪಕರಣ ಏನೂ ಇಲ್ಲ. ಮನೆ ಖಾಲಿಯಾಗಿ ಐದು ವಾರವಾಯಿತು.

ಎರಡು ಕಡೆ ಜಾಹೀರಾತು ಹಾಕಿದ್ದೇನೆ. ಮೊದಲನೆಯದು ಹಳೆಯ ಸೋಫಾ, ಸೈಕಲ್ ಎಲ್ಲವೂ ಮಾರಾಟಕ್ಕಿರುವ ಉಚಿತ ತಾಣ. ಅಲ್ಲಿಂದ 63 ಸಂದೇಶಗಳು ಬಂದವು. ಹೆಚ್ಚಿನವರು "ಇದು ಇನ್ನೂ ಇದೆಯೇ?" ಎಂದು ಕೇಳಿ, ನಾನು "ಇದೆ" ಎಂದ ಮೇಲೆ ಮೌನವಾದರು. ನೋಡಲು ಬಂದವರು ನಾಲ್ವರು, ಒಪ್ಪಿದವರು ಯಾರೂ ಇಲ್ಲ. ಎರಡನೆಯದು ಮನೆಗಳಿಗೆಂದೇ ಇರುವ ದೊಡ್ಡ ತಾಣ. ಅಲ್ಲಿಂದ ಬಂದದ್ದು ಐದೇ ವಿಚಾರಣೆ, ಮನೆ ನೋಡಲು ಒಬ್ಬರೂ ಬರಲಿಲ್ಲ. ಹಣ ಕೊಟ್ಟರೆ ನಿಮ್ಮ ಜಾಹೀರಾತನ್ನು ಪಟ್ಟಿಯ ಮೇಲಕ್ಕೆ ತರುತ್ತೇವೆ ಎಂದು ಅವರು ದಿನವೂ ಮಿಂಚಂಚೆ ಕಳುಹಿಸುತ್ತಿದ್ದಾರೆ.

ಹಣ ಕೊಡಬೇಕೇ? ಇರುವ ಎಲ್ಲಾ ತಾಣಗಳಲ್ಲೂ ಹಾಕಬೇಕೇ? ಅಥವಾ ದಲ್ಲಾಳಿಯ ಕೈಗೆ ಒಪ್ಪಿಸುವುದೇ ಮೇಲೇ? ಖಾಲಿ ಮನೆಯ ಬಾಗಿಲು ತೆರೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ದಯವಿಟ್ಟು ಸಲಹೆ ಕೊಡಿ.

ಕೀಲಿಗೊಂಚಲು

ಮಹಡಿಮನೆಯವರೇ, ಬೇರೆಯವರ ಮನೆಗಳನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವುದೇ ಹನ್ನೊಂದು ವರ್ಷದಿಂದ ನನ್ನ ಕೆಲಸ. ಯಾವ ತಾಣ ಒಳ್ಳೆಯದು ಎಂದು ನೇರವಾಗಿ ಹೇಳಿಬಿಡಬಹುದಿತ್ತು, ಆದರೆ ಆ ಉತ್ತರ ಊರಿಂದ ಊರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆ. ಉತ್ತರವನ್ನು ನೀವೇ ಕಂಡುಕೊಳ್ಳುವ ದಾರಿ ಹೇಳುತ್ತೇನೆ.

ಇವತ್ತು ರಾತ್ರಿ ಒಂದು ಗಂಟೆ ಬಿಡುವು ಮಾಡಿಕೊಂಡು, ಬಾಡಿಗೆ ಮನೆ ಹುಡುಕುವವರಂತೆ ಆ ತಾಣಗಳ ಒಳಗೆ ಹೋಗಿ. ನಿಮ್ಮ ಬಡಾವಣೆ, ಎರಡು ಕೋಣೆ, ನಿಮ್ಮಷ್ಟೇ ಬಾಡಿಗೆ ಎಂದು ಆಯ್ಕೆ ಮಾಡಿ ಹುಡುಕಿ. ಮೂರು ಸಂಗತಿಗಳನ್ನು ಗಮನಿಸಿ. ನಿಮ್ಮ ಮನೆಯಂಥ ಮನೆಗಳು ಅಲ್ಲಿ ಎಷ್ಟಿವೆ? ಅವುಗಳ ಜಾಹೀರಾತು ಹಾಕಿದ ದಿನಾಂಕ ಯಾವುದು? ಎರಡು ವಾರ ಬಿಟ್ಟು ನೋಡಿದರೆ ಅವು ಪಟ್ಟಿಯಿಂದ ಹೋಗಿವೆಯೇ? ಮೂರು ತಿಂಗಳ ಹಿಂದಿನ ಜಾಹೀರಾತುಗಳೇ ತುಂಬಿರುವ ತಾಣಕ್ಕೆ ನಿಮ್ಮ ಊರಿನಲ್ಲಿ ಜನ ಬರುತ್ತಿಲ್ಲ ಎಂದು ತಿಳಿಯಿರಿ. ಬೇರೆ ಊರಿನಲ್ಲಿ ಅದೇ ತಾಣ ಬಹಳ ಚೆನ್ನಾಗಿ ನಡೆಯುತ್ತಿರಬಹುದು, ಅದರಿಂದ ನಿಮಗೆ ಪ್ರಯೋಜನವಿಲ್ಲ.

ಹೀಗೆ ಹುಡುಕುವಾಗ ನಿಮ್ಮ ಜಾಹೀರಾತು ಕಣ್ಣಿಗೆ ಬಿತ್ತೇ ಎಂದೂ ನೋಡಿ. ಐದೇ ವಿಚಾರಣೆ ಬಂದಿದೆ ಎಂದರೆ ನನಗೆ ಅನುಮಾನ ಅಲ್ಲೇ. ದೊಡ್ಡ ತಾಣಗಳಲ್ಲಿ ಜನ ಪಟ್ಟಿಯನ್ನು ಪೂರ್ತಿ ಓದುವುದಿಲ್ಲ, ಜರಡಿ ಹಿಡಿದು ಹುಡುಕುತ್ತಾರೆ. ಎಷ್ಟು ಕೋಣೆ, ಯಾವ ತಾರೀಖಿನಿಂದ, ಸಾಕುಪ್ರಾಣಿಗೆ ಒಪ್ಪಿಗೆ ಇದೆಯೇ, ವಾಹನ ನಿಲ್ಲಿಸಲು ಜಾಗವಿದೆಯೇ, ಹೀಗೆ. ನೀವು ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರೆ, ಆ ಅಂಕಣದ ಮೇಲೆ ಹುಡುಕಿದವರಿಗೆ ನಿಮ್ಮ ಮನೆ ಕಾಣಿಸದೇ ಹೋಗಬಹುದು. ಹಣ ಕೊಟ್ಟು ಮೇಲಕ್ಕೆ ತಂದ ಜಾಹೀರಾತಿಗೂ ಇದೇ ಗತಿ.

ಬಾಡಿಗೆಯ ಮೊತ್ತದ್ದೂ ಅದೇ ಕಥೆ. ಹುಡುಕುವವರು ಮಿತಿಯನ್ನು ದುಂಡು ಸಂಖ್ಯೆಯಲ್ಲಿ ಹಾಕುತ್ತಾರೆ. ನಿಮ್ಮ ಬಾಡಿಗೆ ಆ ದುಂಡು ಸಂಖ್ಯೆಗಿಂತ ತುಸುವೇ ಮೇಲಿದ್ದರೂ ಅವರ ಪಾಲಿಗೆ ಆ ಮನೆ ಇಲ್ಲವೇ ಇಲ್ಲ.

ಹಳೆಬೀಗ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಷ್ಟು ಕಡೆ ಸಾಧ್ಯವೋ ಅಷ್ಟು ಕಡೆ ಹಾಕಿ. ಉಚಿತವಾಗಿ ಸಿಗುವುದನ್ನು ಬಿಡುವುದೇಕೆ? ಬಲೆ ಅಗಲವಾದಷ್ಟೂ ಮೀನು ಹೆಚ್ಚು.

ಕೀಲಿಗೊಂಚಲು

ಹಳೆಬೀಗದವರೇ, ನಾನೂ ಮೊದಲು ಹಾಗೆಯೇ ಮಾಡುತ್ತಿದ್ದೆ. ಒಂದು ಮನೆಯನ್ನು ಏಳು ಕಡೆ ಹಾಕಿದ್ದೆ. ಬಾಡಿಗೆಯನ್ನು ಬದಲಿಸಿದ ದಿನ ಐದು ಕಡೆ ಮಾತ್ರ ತಿದ್ದಿದೆ, ಎರಡು ಮರೆತೇ ಹೋದವು. ಹಳೆಯ ಮೊತ್ತ ನೋಡಿಕೊಂಡು ಬಂದ ದಂಪತಿ ಬಾಗಿಲಲ್ಲೇ ನಿಂತು "ಮಾತಿಗೆ ತಪ್ಪುತ್ತೀರಾ?" ಎಂದು ಕೇಳಿದರು. ಅವರ ಮುಖ ಇಂದಿಗೂ ಮರೆತಿಲ್ಲ. ಒಂದೇ ದಿನ ಉತ್ತರ ಕೊಡಲು, ಒಂದೇ ದಿನ ತಿದ್ದಲು ನಿಮ್ಮ ಕೈಯಲ್ಲಿ ಎಷ್ಟು ತಾಣಗಳಿಗೆ ಆಗುತ್ತದೆಯೋ ಅಷ್ಟು ಸಾಕು. ಒಬ್ಬರೇ ನೋಡಿಕೊಳ್ಳುವುದಾದರೆ ಎರಡು, ಹೆಚ್ಚೆಂದರೆ ಮೂರು.

ಕೆಲವು ತಾಣಗಳಲ್ಲಿ ಒಮ್ಮೆ ಹಾಕಿದರೆ ಬೇರೆ ಕಡೆಗೂ ತಾನಾಗಿ ಹೋಗುತ್ತದೆ ಎಂಬುದು ಗೊತ್ತಿರಲಿ. ಅಮೆರಿಕದಲ್ಲಿ ಝಿಲೋದಲ್ಲಿ ಹಾಕಿದ ಬಾಡಿಗೆ ಜಾಹೀರಾತು ಅದೇ ಬಳಗದ ಟ್ರುಲಿಯಾ, ಹಾಟ್‌ಪ್ಯಾಡ್ಸ್ ತಾಣಗಳಲ್ಲೂ ಕಾಣಿಸುತ್ತದೆ. ಬ್ರಿಟನ್ನಿನ ರೈಟ್‌ಮೂವ್ ಎಂಬ ದೊಡ್ಡ ತಾಣ ಮನೆ ಮಾಲೀಕರಿಂದ ನೇರವಾಗಿ ಜಾಹೀರಾತು ಪಡೆಯುವುದಿಲ್ಲ, ಏಜೆಂಟರ ಮೂಲಕವೇ ಹೋಗಬೇಕು. ಮಾಲೀಕರ ಪರವಾಗಿ ಆ ತಾಣದಲ್ಲಿ ಜಾಹೀರಾತು ಹಾಕಿಕೊಡುವ ಓಪನ್‌ರೆಂಟ್‌ನಂಥ ಆನ್‌ಲೈನ್ ಸಂಸ್ಥೆಗಳು ಅಲ್ಲಿ ಬೆಳೆದದ್ದಕ್ಕೆ ಅದೂ ಒಂದು ಕಾರಣ. ನಿಮ್ಮ ಕಡೆ ದೊಡ್ಡ ತಾಣದ ಬಾಗಿಲು ಮಾಲೀಕರಿಗೆ ತೆರೆದಿದೆಯೋ ಇಲ್ಲವೋ ಎಂಬುದರ ಮೇಲೆ ದಲ್ಲಾಳಿ ಬೇಕೇ ಬೇಡವೇ ಎಂಬ ನಿಮ್ಮ ಮೂರನೆಯ ಪ್ರಶ್ನೆಯ ಅರ್ಧ ಉತ್ತರ ನಿಂತಿದೆ. ಉಳಿದರ್ಧ ನಿಮ್ಮ ಸಮಯದ್ದು. ಮನೆ ತೋರಿಸಲು ನಿಮಗೆ ಹೋಗಿಬರಲು ಆಗದಿದ್ದರೆ ದಲ್ಲಾಳಿಗೆ ಕೊಡುವ ಹಣ ದಂಡವಲ್ಲ.

ಹೊಸಿಲು

ನಾನು ಮಾಲೀಕಳಲ್ಲ, ಬಾಡಿಗೆದಾರಳು. ಕಳೆದ ವರ್ಷ ಎರಡು ತಿಂಗಳು ಮನೆ ಹುಡುಕಿದವಳು. ಆ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂದು ಹೇಳಬೇಕೆನಿಸಿತು.

ಮೊದಲು ಆ "ಇದು ಇನ್ನೂ ಇದೆಯೇ?" ವಿಷಯ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಂಥ ಕಡೆ ಆ ವಾಕ್ಯ ಮೊದಲೇ ಬರೆದಿಟ್ಟಿರುತ್ತದೆ, ಗುಂಡಿ ಒತ್ತಿದರೆ ಹೋಗುತ್ತದೆ. ಒಂದು ಸಂಜೆ ನಾನೇ ಹದಿನೈದು ಮನೆಗಳಿಗೆ ಹಾಗೆ ಒತ್ತಿದ್ದೇನೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಆಗಲೇ ಹೋಗಿರುತ್ತವೆ. ಅದನ್ನು ಕಳುಹಿಸಿದವರನ್ನು ಬೇಜವಾಬ್ದಾರರು ಎಂದುಕೊಳ್ಳಬೇಡಿ. "ಇದೆ" ಎಂದಷ್ಟೇ ಉತ್ತರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಇದೆ. ಶನಿವಾರ ಹತ್ತರಿಂದ ಹನ್ನೆರಡರವರೆಗೆ ತೋರಿಸುತ್ತೇನೆ, ನಿಮಗೆ ಎಷ್ಟು ಹೊತ್ತಿಗೆ ಅನುಕೂಲ? ಯಾವಾಗಿನಿಂದ ಮನೆ ಬೇಕು?" ಎಂದು ಕೇಳಿ. ನಿಜವಾಗಿ ಬೇಕಾದವರು ಉತ್ತರಿಸುತ್ತಾರೆ.

ಎರಡನೆಯದು ನನ್ನ ಮನಸ್ಸಿಗೆ ಹತ್ತಿರವಾದದ್ದು. ಒಂದು ಜಾಹೀರಾತಿನಲ್ಲಿ ಬೆಳಕು, ಗಾಳಿ, ನೋಟ ಎಲ್ಲವನ್ನೂ ಬಣ್ಣಿಸಿದ್ದರು. ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಹೋದೆ. ಲಿಫ್ಟ್ ಇರಲಿಲ್ಲ. ನಾಲ್ಕನೆಯ ಮಹಡಿ ಎಂಬುದನ್ನೂ ಬರೆದಿರಲಿಲ್ಲ. ಹತ್ತಿದೆ, ನೋಡಿದೆ, ಮನೆ ನಿಜಕ್ಕೂ ಚೆನ್ನಾಗಿತ್ತು, ಇಳಿದೆ. ಮೆಟ್ಟಿಲ ಕೊನೆಯಲ್ಲಿ ಕುಳಿತು ಮಗುವಿಗೆ ನೀರು ಕುಡಿಸುವಾಗ ಅಳು ಬಂತು. ಅದೊಂದು ಸಾಲು ಬರೆದಿದ್ದರೆ ನಾನು ಬರುತ್ತಲೇ ಇರಲಿಲ್ಲ, ಅವರ ಬೆಳಗೂ ವ್ಯರ್ಥವಾಗುತ್ತಿರಲಿಲ್ಲ. ನಿಮ್ಮದು ಮೂರನೆಯ ಮಹಡಿ. ಲಿಫ್ಟ್ ಇದೆಯೋ ಇಲ್ಲವೋ ಎಂದು ಇಲ್ಲಿಯೂ ನೀವು ಬರೆದಿಲ್ಲ. ಜಾಹೀರಾತಿನಲ್ಲಿ ಬರೆದಿದ್ದೀರಾ?

ಮಹಡಿಮನೆ

ಹೊಸಿಲು ಅವರೇ, ಲಿಫ್ಟ್ ಇಲ್ಲ. ಬರೆದಿಲ್ಲ. ಬರೆದರೆ ಯಾರೂ ಬರುವುದಿಲ್ಲ ಎಂಬ ಭಯವಿತ್ತು. ಬಂದ ನಾಲ್ವರಲ್ಲಿ ಇಬ್ಬರು ಹಿಂದಿರುಗಿದ್ದು ಮೆಟ್ಟಿಲಿನ ಕಾರಣಕ್ಕೇ. ಅವರಲ್ಲಿ ಒಬ್ಬರು ವಯಸ್ಸಾದವರು. ನಿಮ್ಮ ಮಾತು ಓದಿ ಬಹಳ ನೋವಾಯಿತು. ಈಗಲೇ ಹೋಗಿ ಮೊದಲ ಸಾಲಿನಲ್ಲೇ ಸೇರಿಸುತ್ತೇನೆ.

ಲೆಕ್ಕಪುಸ್ತಕ

ಹಣ ಕೊಟ್ಟು ಜಾಹೀರಾತನ್ನು ಮೇಲಕ್ಕೆ ತರಬೇಕೇ ಎಂಬುದಕ್ಕೆ ಸರಳ ಲೆಕ್ಕವಿದೆ. ಒಂದು ತಿಂಗಳು ಮನೆ ಖಾಲಿ ಇದ್ದರೆ ವರ್ಷದ ಬಾಡಿಗೆಯಲ್ಲಿ ಹನ್ನೆರಡನೆಯ ಒಂದು ಭಾಗ, ಅಂದರೆ ಶೇಕಡಾ 8.3 ಹೋಯಿತು. ಬಾಡಿಗೆಯನ್ನು ಶೇಕಡಾ 5 ಇಳಿಸಿದರೆ ವರ್ಷಕ್ಕೆ ಕಳೆದುಕೊಳ್ಳುವುದು ಸುಮಾರು 18 ದಿನದ ಬಾಡಿಗೆ. ಅಂದರೆ ಇಳಿಸಿದ್ದರಿಂದ ಮನೆ 18 ದಿನಕ್ಕಿಂತ ಬೇಗ ಹೋದರೆ ಮೊದಲ ವರ್ಷದಲ್ಲಿ ನಿಮಗೆ ಲಾಭವೇ. ತಾಣದ ಶುಲ್ಕವನ್ನೂ ಹೀಗೆಯೇ ದಿನಗಳಿಗೆ ಪರಿವರ್ತಿಸಿ ನೋಡಿ. ಶುಲ್ಕ ಎರಡು ದಿನದ ಬಾಡಿಗೆಯಷ್ಟಿದ್ದರೆ, ಅದು ಮನೆಯನ್ನು ಎರಡು ದಿನಕ್ಕಿಂತ ಬೇಗ ಕೊಡಿಸಬೇಕು.

ಆದರೆ ಅದಕ್ಕೂ ಮೊದಲು ನಿಮ್ಮ ಸಂಖ್ಯೆಗಳನ್ನೇ ಓದಿ. 63 ಸಂದೇಶಕ್ಕೆ ನಾಲ್ಕು ಭೇಟಿ ಎಂದರೆ ಶೇಕಡಾ 6ರ ಆಸುಪಾಸು. ಅಲ್ಲಿ ಜನಕ್ಕೆ ಬರವಿಲ್ಲ, ಜಾಹೀರಾತು ಏನನ್ನೂ ತಿಳಿಸುತ್ತಿಲ್ಲ. ಇನ್ನೊಂದು ಕಡೆ ಜನರೇ ಬರುತ್ತಿಲ್ಲ. ಎರಡೂ ಬೇರೆ ಬೇರೆ ರೋಗ, ಒಂದೇ ಔಷಧಿ ನಡೆಯುವುದಿಲ್ಲ. ಒಂದು ಪುಸ್ತಕದಲ್ಲಿ ಪ್ರತಿ ತಾಣಕ್ಕೂ ನಾಲ್ಕು ಅಂಕಣ ಹಾಕಿ: ವಿಚಾರಿಸಿದವರು, ಮರುಪ್ರಶ್ನೆಗೆ ಉತ್ತರಿಸಿದವರು, ನೋಡಲು ಬಂದವರು, ಬೇಕು ಎಂದವರು. ಎರಡು ವಾರದಲ್ಲಿ ಯಾವ ಅಂಕಣದಲ್ಲಿ ಸಂಖ್ಯೆ ಕುಸಿಯುತ್ತಿದೆ ಎಂದು ತಿಳಿಯುತ್ತದೆ.

ಇನ್ನೊಂದು ಮಾತು. ಹುಡುಕಾಟವನ್ನು ಉಳಿಸಿಟ್ಟವರಿಗೆ ಅನೇಕ ತಾಣಗಳು ಹೊಸ ಜಾಹೀರಾತು ಬಂದಾಗ ಸೂಚನೆ ಕಳುಹಿಸುತ್ತವೆ. ಮೊದಲ ಕೆಲವು ದಿನಗಳ ಬೆಲೆಯೇ ಬೇರೆ. ಅರ್ಧಂಬರ್ಧ ಜಾಹೀರಾತು ಹಾಕಿ ಆಮೇಲೆ ಫೋಟೊ ಸೇರಿಸೋಣ ಎಂದರೆ ಆ ದಿನಗಳು ಕೈತಪ್ಪುತ್ತವೆ.

ಬೆಳಕಿಂಡಿ

ಫೋಟೊ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ. ಮೊಬೈಲಿನ ಮಸೂರವನ್ನು ಮೊದಲು ಬಟ್ಟೆಯಿಂದ ಒರೆಸಿ. ಮೊಬೈಲನ್ನು ಅಡ್ಡಲಾಗಿ, ಎದೆಯ ಎತ್ತರದಲ್ಲಿ ಹಿಡಿದು, ಕೋಣೆಯ ಮೂಲೆಗೆ ಬೆನ್ನು ಕೊಟ್ಟು ನಿಂತು ತೆಗೆಯಿರಿ. ಎತ್ತರದಿಂದ ತೆಗೆದರೆ ನೆಲವೇ ಕಾಣುತ್ತದೆ, ಗೋಡೆಗಳು ವಾಲಿದಂತಾಗುತ್ತದೆ. ಪರದೆಗಳನ್ನು ಸರಿಸಿ. ಆ ಕೋಣೆಗೆ ಹಗಲಿನ ಬೆಳಕು ಯಾವ ಹೊತ್ತಿನಲ್ಲಿ ಬರುತ್ತದೆಯೋ ಆಗ ಹೋಗಿ.

ಜನ ಹುಡುಕುವ ಫೋಟೊ ಯಾವುದು ಗೊತ್ತೇ? ಸ್ನಾನದ ಮನೆಯದು. ಅಡುಗೆಮನೆಯ ಸಿಂಕ್ ಮತ್ತು ನಲ್ಲಿಯದು. ಕಿಟಕಿಯ ಆಚೆ ಏನಿದೆ ಎಂಬುದರದು. ಅವು ಇಲ್ಲದಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ನಮ್ಮ ಮನೆಯ ಗೋಡೆಯಲ್ಲಿ ಅಂಗೈ ಅಗಲದ ತೇವದ ಕಲೆ ಇತ್ತು. ಅದರ ಫೋಟೊವನ್ನೂ ಹಾಕಿ, "ಸೋರಿಕೆ ಸರಿಪಡಿಸಿದೆ, ಬಣ್ಣ ಬಳಿಯುವುದು ಮಾತ್ರ ಬಾಕಿ" ಎಂದು ಕೆಳಗೆ ಬರೆದೆ. ಈಗ ಇರುವ ಬಾಡಿಗೆದಾರರು ಫೋನ್ ಮಾಡಿದ್ದೇ ಆ ಫೋಟೊ ನೋಡಿ. ಕಲೆಯನ್ನೇ ತೋರಿಸಿದವರು ಉಳಿದದ್ದನ್ನೂ ನಿಜವೇ ಹೇಳಿರುತ್ತಾರೆ ಎನ್ನಿಸಿತಂತೆ.

ಮೊಬೈಲ್ ಫೋಟೊದೊಳಗೆ ತೆಗೆದ ಜಾಗದ ವಿವರವೂ ಸೇರಿರಬಹುದು. ಕೆಲವು ತಾಣಗಳು ಅದನ್ನು ತೆಗೆದುಹಾಕುತ್ತವೆ, ಎಲ್ಲವೂ ಅಲ್ಲ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಸ್ಥಳದ ಗುರುತು ದಾಖಲಾಗದಂತೆ ಮಾಡಿ, ಆಮೇಲೆ ಫೋಟೊ ತೆಗೆಯಿರಿ. ಖಾಲಿ ಮನೆಯ ಪೂರ್ಣ ವಿಳಾಸ ಎಲ್ಲರಿಗೂ ತಿಳಿಯುವುದು ಒಳ್ಳೆಯದಲ್ಲ.

ಹಳೆಬೀಗ

ಬೆಳಕಿಂಡಿಯವರ ಕೊನೆಯ ಮಾತಿಗೆ ನನ್ನ ಅನುಭವವನ್ನೂ ಸೇರಿಸಲೇಬೇಕು. ಅಗಲವಾದ ಬಲೆ ಎಂದು ಬರೆದವನು ನಾನೇ, ಆದರೆ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಮೂರು ವರ್ಷದ ಹಿಂದೆ ನಮ್ಮ ಜಾಹೀರಾತಿನ ಫೋಟೊಗಳನ್ನು ಯಾರೋ ಕದ್ದು, ಬೇರೊಂದು ತಾಣದಲ್ಲಿ ಅರ್ಧ ಬಾಡಿಗೆಗೆ ಹಾಕಿದ್ದರು. ನನಗೆ ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ. ಎರಡು ಸೂಟ್‌ಕೇಸ್, ಹಗ್ಗದಲ್ಲಿ ಕಟ್ಟಿದ ಹಾಸಿಗೆಯ ಸುರುಳಿಯೊಂದಿಗೆ ಯುವ ದಂಪತಿ ಗೇಟಿನ ಮುಂದೆ ನಿಂತಿದ್ದರು. ಮುಂಗಡ ಕಳುಹಿಸಿ ಆಗಿತ್ತು. "ಮಾಲೀಕರು ವಿದೇಶದಲ್ಲಿದ್ದಾರೆ, ಕೀಲಿ ಕೊರಿಯರ್‌ನಲ್ಲಿ ಬರುತ್ತದೆ" ಎಂದು ಅವರಿಗೆ ಹೇಳಲಾಗಿತ್ತು. ನಮ್ಮ ಮನೆಯಲ್ಲಿ ಆಗಲೇ ಬೇರೆಯವರು ಇದ್ದರು. ಆ ದಂಪತಿಯನ್ನು ಒಳಗೆ ಕೂರಿಸಿ, ಪೊಲೀಸರಿಗೆ ದೂರು ಬರೆಯಲು ಜೊತೆಗೆ ಹೋದೆ. ಹಣ ಸಿಗಲಿಲ್ಲ.

ಅಂದಿನಿಂದ ಪ್ರತಿ ಫೋಟೊದ ನಡುವೆ ತೆಳುವಾಗಿ ನನ್ನ ಗುರುತು ಹಾಕುತ್ತೇನೆ. ಜಾಹೀರಾತು ಇರುವಷ್ಟು ದಿನ ವಾರಕ್ಕೊಮ್ಮೆ ಮುಖ್ಯ ಫೋಟೊವನ್ನು ಚಿತ್ರದಿಂದ ಹುಡುಕುವ ಸೌಲಭ್ಯದಲ್ಲಿ ಹಾಕಿ, ಬೇರೆಲ್ಲಾದರೂ ಇದೆಯೇ ಎಂದು ನೋಡುತ್ತೇನೆ. "ಮನೆ ನೋಡದೆ, ಕರಾರು ಪತ್ರ ಆಗದೆ ನಾನು ಮುಂಗಡ ಕೇಳುವುದಿಲ್ಲ" ಎಂಬ ಸಾಲನ್ನು ಜಾಹೀರಾತಿನಲ್ಲೇ ಬರೆಯುತ್ತೇನೆ.

ಮಾಲೀಕರಿಗೆ ಮೋಸ ಮಾಡುವವರೂ ಇದ್ದಾರೆ. ಮನೆಯನ್ನೇ ನೋಡದೆ ಒಪ್ಪಿಕೊಂಡು, ಕೇಳಿದ್ದಕ್ಕಿಂತ ಹೆಚ್ಚಿನ ಮೊತ್ತದ ಚೆಕ್ ಕಳುಹಿಸಿ, ಉಳಿದದ್ದನ್ನು ತಕ್ಷಣ ಹಿಂದಿರುಗಿಸಿ ಎನ್ನುತ್ತಾರೆ. ನೀವು ಕಳುಹಿಸಿದ ಹಣ ಹೋಗಿರುತ್ತದೆ, ಅವರ ಚೆಕ್ ಆಮೇಲೆ ತಿರಸ್ಕೃತವಾಗುತ್ತದೆ. ಅವಸರ ಮಾಡಿಸುವವರಿಗೆ ಅವಸರವಿಲ್ಲದೆ ಉತ್ತರಿಸಿ.

ಮಹಡಿಮನೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಒಂದು ಪ್ರಶ್ನೆ ಉಳಿದಿದೆ. ಜಾಹೀರಾತಿನಲ್ಲಿ "ಇಂಥವರಿಗೆ ಮಾತ್ರ" ಎಂದು ಬರೆಯಬಹುದೇ? ನೆರೆಯವರೊಬ್ಬರು ಹಾಗೆ ಬರೆಯಲು ಹೇಳುತ್ತಿದ್ದಾರೆ.

ಕೀಲಿಗೊಂಚಲು

ದಯವಿಟ್ಟು ಬೇಡ. ಅಮೆರಿಕದಲ್ಲಿ 1968ರ ನ್ಯಾಯಯುತ ವಸತಿ ಕಾಯ್ದೆಯೇ ಜನಾಂಗ, ಬಣ್ಣ, ಧರ್ಮ, ಮೂಲ ದೇಶದ ಆಧಾರದ ಮೇಲೆ ಭೇದ ತೋರುವ ಬಾಡಿಗೆ ಜಾಹೀರಾತುಗಳನ್ನು ನಿಷೇಧಿಸಿತು. ಲಿಂಗ, ಅಂಗವೈಕಲ್ಯ, ಮಕ್ಕಳಿರುವ ಕುಟುಂಬ ಎಂಬ ಕಾರಣಗಳು ಆಮೇಲೆ ಸೇರಿದವು. ಬೇರೆ ಅನೇಕ ದೇಶಗಳಲ್ಲೂ ಇಂಥ ಕಾನೂನುಗಳಿವೆ, ನಿಮ್ಮಲ್ಲಿ ಏನಿದೆ ಎಂದು ವಿಚಾರಿಸಿಕೊಳ್ಳಿ. ಯಾರಿಗೆ ಕಾಣಿಸಬೇಕು ಎಂಬ ಆಯ್ಕೆಯೂ ಇದೇ ಪ್ರಶ್ನೆಯೊಳಗೆ ಬರುತ್ತದೆ. ವಸತಿ ಜಾಹೀರಾತುಗಳನ್ನು ಜನರ ಗುಣಲಕ್ಷಣ ನೋಡಿ ಹಂಚುತ್ತಿದೆ ಎಂದು ಅಮೆರಿಕ ಸರ್ಕಾರದ ವಸತಿ ಇಲಾಖೆ 2019ರಲ್ಲಿ ಫೇಸ್‌ಬುಕ್ ಮೇಲೆ ಆರೋಪ ಹೊರಿಸಿತು. 2022ರಲ್ಲಿ ಆ ಪ್ರಕರಣ ಇತ್ಯರ್ಥವಾದಾಗ ಕಂಪನಿ ತನ್ನ ವ್ಯವಸ್ಥೆಯನ್ನು ಬದಲಿಸಲು ಒಪ್ಪಿತು.

ಕಾನೂನನ್ನು ಬದಿಗಿಟ್ಟು ಹೇಳುವುದಾದರೂ, ಬಾಗಿಲಲ್ಲೇ ಒಬ್ಬರನ್ನು ಹೀಗೆ ತಡೆಯುವುದು ತಪ್ಪು. ಮನೆಯ ಬಗ್ಗೆ ಬರೆಯಿರಿ, ಮನುಷ್ಯರ ಬಗ್ಗೆ ಬೇಡ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಮತ್ತು ವಿದ್ಯುತ್ ಶುಲ್ಕ ಯಾರದು, ಯಾವ ತಾರೀಖಿನಿಂದ ಸಿಗುತ್ತದೆ, ಕನಿಷ್ಠ ಎಷ್ಟು ತಿಂಗಳು ಇರಬೇಕು. ಇವಿಷ್ಟು ಸ್ಪಷ್ಟವಾಗಿದ್ದರೆ ಹೊಂದದವರು ತಾವೇ ಮುಂದೆ ಹೋಗುತ್ತಾರೆ. ಗುರುತಿನ ಚೀಟಿಯ ಪ್ರತಿಯನ್ನು ಮೊದಲ ಸಂದೇಶದಲ್ಲೇ ಕೇಳಬೇಡಿ. ಅದು ಮನೆ ಒಪ್ಪಿಗೆಯಾದ ಮೇಲಿನ ಮಾತು.

ಹತ್ತಿರದಲ್ಲಿ ಆಸ್ಪತ್ರೆ, ವಿಶ್ವವಿದ್ಯಾಲಯ ಅಥವಾ ದೊಡ್ಡ ಕಾರ್ಖಾನೆ ಇದ್ದರೆ ಅವುಗಳ ಸಿಬ್ಬಂದಿಗೆ ವಸತಿ ಹುಡುಕಿಕೊಡುವ ವಿಭಾಗವನ್ನೂ ವಿಚಾರಿಸಿ. ಇದ್ದ ಕಡೆ ನನ್ನ ಪಾಲಿಗೆ ಅದು ದೊಡ್ಡ ತಾಣಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಆದರೆ ಅದೊಂದನ್ನೇ ನಂಬಿ ಕೂರಬೇಡಿ, ಎಲ್ಲರಿಗೂ ಕಾಣುವ ಕಡೆಯೂ ಜಾಹೀರಾತು ಇರಲಿ.

ಮಹಡಿಮನೆ

ನಾಲ್ಕು ವಾರದ ನಂತರ ಬರೆಯುತ್ತಿದ್ದೇನೆ. ಮನೆ ಹೋಯಿತು.

ಕೀಲಿಗೊಂಚಲು ಅವರು ಹೇಳಿದಂತೆ ಆ ರಾತ್ರಿಯೇ ಬಾಡಿಗೆದಾರಳಾಗಿ ಹುಡುಕಿದೆ. ದೊಡ್ಡ ತಾಣದಲ್ಲಿ ನನ್ನ ಮನೆ ಕಾಣಿಸಲೇ ಇಲ್ಲ. ಒಂದೊಂದೇ ಆಯ್ಕೆಯನ್ನು ತೆಗೆಯುತ್ತಾ ಹೋದೆ. "ಯಾವಾಗಿನಿಂದ ಲಭ್ಯ" ಎಂಬ ಅಂಕಣವನ್ನು ನಾನು ಖಾಲಿ ಬಿಟ್ಟಿದ್ದೆ, ದಿನಾಂಕ ಹಾಕಿ ಹುಡುಕಿದವರಿಗೆಲ್ಲ ನಾನು ಅದೃಶ್ಯ. ಹಳೆಯದನ್ನು ತೆಗೆದು, ಎಲ್ಲಾ ಅಂಕಣ ತುಂಬಿ, ಬೆಳಗಿನ ಬೆಳಕಿನಲ್ಲಿ ಹೊಸ ಫೋಟೊ ತೆಗೆದು, ಮತ್ತೆ ಹಾಕಿದೆ. ಮೊದಲ ಸಾಲು: "ಮೂರನೆಯ ಮಹಡಿ, ಲಿಫ್ಟ್ ಇಲ್ಲ, 54 ಮೆಟ್ಟಿಲು." ಎಣಿಸಿ ಬರೆದೆ. ಮೆಟ್ಟಿಲುಗಳ ಫೋಟೊವನ್ನೂ ಹಾಕಿದೆ. ಮೇಲಕ್ಕೆ ತರಲು ಹಣ ಕೊಡಲಿಲ್ಲ.

ಪುಸ್ತಕದ ಲೆಕ್ಕ ಇಲ್ಲಿದೆ. ದೊಡ್ಡ ತಾಣದಿಂದ 14 ವಿಚಾರಣೆ, 11 ಮಂದಿ ಮರುಪ್ರಶ್ನೆಗೆ ಉತ್ತರಿಸಿದರು, ಏಳು ಮಂದಿ ಬಂದರು, ಮೂವರು ಬೇಕು ಎಂದರು. ಉಚಿತ ತಾಣದಿಂದ 22 ವಿಚಾರಣೆ, ಬಂದವರು ಮೂವರು, ಬೇಕು ಎಂದವರು ಒಬ್ಬರು. ಮೆಟ್ಟಿಲಿನ ಬಗ್ಗೆ ಒಬ್ಬರೂ ದೂರಲಿಲ್ಲ. ಬಂದವರೆಲ್ಲ ಗೊತ್ತಿದ್ದೇ ಬಂದಿದ್ದರು. ಈಗ ಬರುತ್ತಿರುವವರು ಅಕ್ಕ ತಂಗಿಯರು. ಕಿಟಕಿಯ ಆಚೆಯ ಮರದ ಫೋಟೊ ನೋಡಿ ಬಂದೆವು ಎಂದರು. ತಾಯಿ ದಿನವೂ ಆ ಕಿಟಕಿಯ ಹತ್ತಿರವೇ ಕೂರುತ್ತಿದ್ದರು. ತಾಯಿಗೆ ಈ ಮಾತು ಹೇಳಿದೆ, ಅವರಿಗೆ ಬಹಳ ಸಂತೋಷವಾಯಿತು.

ಒಂದು ತೊಂದರೆ ಉಳಿದಿದೆ. ಎರಡೂ ಕಡೆ ಜಾಹೀರಾತು ತೆಗೆದು ಮೂರು ದಿನವಾದರೂ ಕರೆಗಳು ಬರುತ್ತಲೇ ಇವೆ.

ಕೀಲಿಗೊಂಚಲು

ಅಭಿನಂದನೆಗಳು. ಕರೆ ಮಾಡಿದವರನ್ನೇ "ಎಲ್ಲಿ ನೋಡಿದಿರಿ?" ಎಂದು ಕೇಳಿ. ಜೊತೆಗಾರ ತಾಣದಲ್ಲಿ ಪ್ರತಿ ಉಳಿದಿರುತ್ತದೆ. ಮೂಲ ತಾಣದ ಖಾತೆಯಲ್ಲಿ ಜಾಹೀರಾತನ್ನು ಮರೆಮಾಡಿದ್ದೀರೋ, "ಬಾಡಿಗೆಗೆ ಹೋಗಿದೆ" ಎಂದು ಗುರುತಿಸಿದ್ದೀರೋ ನೋಡಿ. ಬರೀ ಮರೆಮಾಡಿದರೆ ಕೆಲವು ಕಡೆ ಪ್ರತಿ ಅಳಿಯುವುದಿಲ್ಲ. ಆಮೇಲೂ ಉಳಿದರೆ ಆ ತಾಣಕ್ಕೆ ಕೊಂಡಿ ಸಹಿತ ಬರೆಯಿರಿ. ಹಳೆಬೀಗದವರು ಹೇಳಿದ ಕಳ್ಳರಿಗೆ ಇಂಥ ಅನಾಥ ಜಾಹೀರಾತುಗಳ ಫೋಟೊಗಳೇ ಸುಲಭವಾಗಿ ಸಿಗುವುದು.

ಮಹಡಿಮನೆ

ಮರೆಮಾಡಿದ್ದೆ ಅಷ್ಟೇ. ಈಗ "ಹೋಗಿದೆ" ಎಂದು ಗುರುತಿಸಿದೆ, ಒಂದು ಗಂಟೆಯಲ್ಲಿ ಇನ್ನೊಂದು ಕಡೆಯೂ ಮಾಯವಾಯಿತು. ಇವತ್ತು ಕರೆ ಮಾಡಿದ ನಾಲ್ವರಿಗೂ ನಾನೇ ತಿರುಗಿ ಫೋನ್ ಮಾಡಿ ತಿಳಿಸಿದೆ.

ಬೆಳಕಿಂಡಿ

ಆ ಫೋಟೊಗಳನ್ನು ಅಳಿಸಬೇಡಿ. ಮುಂದಿನ ಬಾರಿಗೂ ಬೇಕಾಗುತ್ತವೆ, ಮನೆ ಬಿಡುವ ದಿನ ಗೋಡೆ ಹೇಗಿತ್ತು ಎಂದು ನೋಡಲೂ ಬೇಕಾಗುತ್ತವೆ. ಬಾಡಿಗೆದಾರರಿಗೂ ಒಂದು ಪ್ರತಿ ಕೊಡಿ.

ಮಹಡಿಮನೆ

ಕೊಡುತ್ತೇನೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೀಲಿ ಕೊಡುವುದು. ಅವರು ಬರುವ ಮೊದಲು ಹೋಗಿ ನೀರು, ವಿದ್ಯುತ್ ಮೀಟರ್‌ಗಳ ಅಂಕಿಯ ಫೋಟೊವನ್ನೂ ತೆಗೆದಿಡುತ್ತೇನೆ. ತಾಯಿಯೂ ಬರುತ್ತೇನೆ ಎಂದಿದ್ದಾರೆ. 54 ಮೆಟ್ಟಿಲನ್ನು ನಿಧಾನವಾಗಿ ಹತ್ತಿಸಿಕೊಂಡು ಹೋಗಬೇಕು.